ಕೊಲಾಬಾದಿಂದ ಕೋಲಾರಕ್ಕೆ: ಮುಂಬಯಿಯ ಸಂಶೋಧನೆಯ ಜಮಾಖರ್ಚು

ವಿಶ್ವವಿದ್ಯಾಲಯಗಳ ಶ್ರೇಯಾಂಕದ ಪಟ್ಟಿ ಹೊರಬಂದ ವಾರ ನಮ್ಮ ದೇಶದ ವಿಜ್ಞಾನ ಎಲ್ಲಿದೆ ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆಯುತ್ತದೆ. ಎಷ್ಟು ಪ್ರಬಂಧಗಳು, ಎಷ್ಟು ಪೇಟೆಂಟುಗಳು, ಎಷ್ಟನೆಯ ಸ್ಥಾನ ಎಂದು ಎಣಿಸಿ ಮುಗಿಸುತ್ತಾರೆ. ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದು ಇಲ್ಲೇ ಉಳಿದ ನನ್ನಂಥವರಿಗೆ ಈ ಪ್ರಶ್ನೆ ಇನ್ನೊಂದು ದಾರಿಯಿಂದ ಬರುತ್ತದೆ. ಧಾರವಾಡದಿಂದಲೋ ಉಡುಪಿಯಿಂದಲೋ ಎಂ.ಎಸ್ಸಿ. ಮುಗಿಸಿ ಬಂದ ಹುಡುಗ ಹುಡುಗಿಯರು, ಇಲ್ಲೇ ಸಂಶೋಧನೆಗೆ ಸೇರಿದರೆ ಪ್ರಯೋಜನವುಂಟೇ, ಹೊರದೇಶಕ್ಕೇ ಹೋಗಬೇಕೇ ಎಂದು ನಮ್ಮನ್ನು ಕೇಳುತ್ತಾರೆ. ಅವರಿಗೆ ಪಟ್ಟಿಯ ಸಂಖ್ಯೆ ತೋರಿಸಿದರೆ ಉತ್ತರ ಕೊಟ್ಟಂತೆ ಆಗುವುದಿಲ್ಲ. ಐದಾರು ವರ್ಷದ ಆಯುಷ್ಯವನ್ನು ಒಂದು ಪ್ರಯೋಗಾಲಯಕ್ಕೆ ಕೊಡಲು ಹೊರಟವರು ಆ ಪ್ರಯೋಗಾಲಯದ ಬುಡ ಗಟ್ಟಿಯಾಗಿದೆಯೇ ಎಂದು ತಿಳಿಯಬೇಕು.

ಲೋಕಲ್ ರೈಲಿನಲ್ಲಿ ಓಡಾಡುವ ನಮಗೆ ಮುಂಬಯಿ ಎಂದರೆ ಗಿರಣಿ, ಬ್ಯಾಂಕು, ಹೋಟೆಲು, ಷೇರುಪೇಟೆ, ಸಿನಿಮಾ. ಆದರೆ ಇದೇ ಹಳಿಗಳ ಆಚೀಚೆ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್ ಇದೆ. ಪರೇಲಿನಲ್ಲಿ ಹಾಫ್ಕಿನ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ, ಮಾಟುಂಗಾದಲ್ಲಿ ರಸಾಯನ ತಂತ್ರಜ್ಞಾನ ಸಂಸ್ಥೆ, ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ, ಪೊವಾಯಿಯಲ್ಲಿ ಐಐಟಿ, ಪನ್ವೇಲಿನಲ್ಲಿ ಭೂಕಾಂತತ್ವ ಸಂಸ್ಥೆ ಇವೆ. ಇವುಗಳ ಇನ್ನೂರು ವರ್ಷಗಳ ಕಥೆಯಲ್ಲಿ ಕನ್ನಡನಾಡು ಮತ್ತೆ ಮತ್ತೆ ಬರುತ್ತದೆ. ಇಂದಿನ ಸಂಶೋಧನೆಯ ಸ್ಥಿತಿಯನ್ನು ಅಳೆಯುವ ಕೋಲು ಆ ಕಥೆಯಲ್ಲೇ ಸಿಗಬಹುದು ಎಂಬುದು ನನ್ನ ಎಣಿಕೆ.

ಕೊಲಾಬಾದ ದಫ್ತರ

ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕೊಲಾಬಾದಲ್ಲಿ ಒಂದು ವೀಕ್ಷಣಾಲಯ ಕಟ್ಟಿತು. ನಕ್ಷತ್ರ ನೋಡಿ ಬಂದರಿನ ಹಡಗುಗಳಿಗೆ ಸರಿಯಾದ ಸಮಯ ಹೇಳುವುದು ಅದರ ಉದ್ದೇಶ. 1840ರ ದಶಕದಲ್ಲಿ ಅಲ್ಲಿ ಭೂಮಿಯ ಕಾಂತಶಕ್ತಿಯನ್ನು ಅಳೆಯಲು ಶುರುಮಾಡಿದರು. ಗುಮಾಸ್ತರಂತೆ ಕುಳಿತು, ಸೂಜಿ ಎಷ್ಟು ಸರಿಯಿತು ಎಂದು ಗಂಟೆಗಂಟೆಗೂ ನೋಡಿ ದಫ್ತರದಲ್ಲಿ ಬರೆಯುವ ಕೆಲಸ. ಅದರಿಂದ ಯಾರಿಗೆ ಏನು ಲಾಭ ಎಂದು ಆಗ ಕೇಳಿದ್ದರೆ ಹೇಳುವುದು ಕಷ್ಟವಿತ್ತು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳ ವೀಕ್ಷಕ ಸೂರ್ಯನ ಮೇಲೆ ಒಂದು ಪ್ರಖರ ಮಿಂಚನ್ನು ಕಂಡ. ಹದಿನೇಳೂವರೆ ಗಂಟೆಯ ನಂತರ ಭೂಮಿಗೆ ಕಾಂತ ಚಂಡಮಾರುತ ಬಡಿಯಿತು. ಹಲವು ದೇಶಗಳಲ್ಲಿ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತು. ಯೂರೋಪಿನ ಅನೇಕ ವೀಕ್ಷಣಾಲಯಗಳ ಉಪಕರಣಗಳು ಅಳತೆಯ ಮಿತಿ ಮೀರಿ ಹೋದವು. ಮುಂಬಯಿಯಲ್ಲಿ ಆಗ ಹಗಲು. ಕೊಲಾಬಾದವರು ಸೂಜಿ ಅಲುಗಾಡಿದ್ದನ್ನು ಕಂಡು ಎಂದಿನಂತೆ ಗಂಟೆಗೊಮ್ಮೆ ಬರೆಯದೆ ಕೆಲವೇ ನಿಮಿಷಗಳಿಗೊಮ್ಮೆ ಬರೆದರು. ಭೂಮಿಯ ಕಾಂತಕ್ಷೇತ್ರದ ಸಮತಲ ಅಂಶ ಸುಮಾರು 1600 ನ್ಯಾನೋಟೆಸ್ಲಾದಷ್ಟು ಕುಸಿದದ್ದು ಆ ಪುಟಗಳಲ್ಲಿ ದಾಖಲಾಯಿತು.

ಆ ಅಂಕಿಗಳು ಕಪಾಟಿನಲ್ಲಿ ಉಳಿದವು. 1989ರ ಮಾರ್ಚ್‌ನಲ್ಲಿ ಅದಕ್ಕಿಂತ ಎಷ್ಟೋ ಸಣ್ಣ ಸೌರ ಚಂಡಮಾರುತವೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಕೆಡವಿ, ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆ ಕತ್ತಲಲ್ಲಿ ಇರಿಸಿದಾಗ, 1859ರಂಥದ್ದು ಮತ್ತೆ ಬಂದರೆ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಉಪಗ್ರಹ, ವಿದ್ಯುತ್, ವಿಮಾನಯಾನ ಎಲ್ಲಕ್ಕೂ ಅದು ಸಂಬಂಧಿಸಿದ್ದು. 2003ರಲ್ಲಿ ಅಮೆರಿಕದ ಬ್ರೂಸ್ ತ್ಸುರುತಾನಿ, ಮುಂಬಯಿಯ ಭೂಕಾಂತತ್ವ ಸಂಸ್ಥೆಯ ಗುರ್ಬಕ್ಷ್ ಲಾಖೀನಾ ಮತ್ತು ಅವರ ಜೊತೆಗಾರರು ಕೊಲಾಬಾದ ಹಳೆಯ ದಾಖಲೆಯನ್ನು ಆಧಾರವಾಗಿಟ್ಟು ಆ ಚಂಡಮಾರುತದ ತೀವ್ರತೆಯನ್ನು ಲೆಕ್ಕಹಾಕಿ ಪ್ರಕಟಿಸಿದರು. ಬರೆದಿಟ್ಟ 144 ವರ್ಷಗಳ ನಂತರ ಆ ಪುಟಗಳಿಗೆ ಕೆಲಸ ಬಂತು.

ಆ ದಾಖಲೆಯ ಸರಣಿ ತುಂಡಾಗದೆ ಉಳಿದದ್ದು ತಾನಾಗಿ ಅಲ್ಲ. 1900ರ ಹೊತ್ತಿಗೆ ಮುಂಬಯಿಯ ಕುದುರೆ ಟ್ರಾಮುಗಳನ್ನು ವಿದ್ಯುತ್ ಟ್ರಾಮುಗಳಾಗಿ ಬದಲಿಸುವ ಯೋಜನೆ ಬಂತು. ವಿದ್ಯುತ್ ಪ್ರವಾಹ ಹತ್ತಿರದಲ್ಲಿ ಹರಿದರೆ ಕಾಂತದ ಅಳತೆ ಕೆಡುತ್ತದೆ. ಕೊಲಾಬಾ ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕ ನಾನಾಭಾಯಿ ಮೂಸ್ ಅವರು ಟ್ರಾಮು ಬೇಡ ಎನ್ನಲಿಲ್ಲ. ಖಾಡಿಯ ಆಚೆ ಅಲಿಬಾಗಿನಲ್ಲಿ, ಕಬ್ಬಿಣ ಬಳಸದೆ, ಪೋರಬಂದರಿನ ಕಲ್ಲಿನಿಂದ ಹೊಸ ವೀಕ್ಷಣಾಲಯ ಕಟ್ಟಿಸಿದರು. 1904ರಿಂದ ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳತೆ ತೆಗೆದು, ಹಳೆಯ ಸರಣಿಗೂ ಹೊಸದಕ್ಕೂ ಕೊಂಡಿ ಹಾಕಿದರು. ನಗರಕ್ಕೆ 1907ರಲ್ಲಿ ವಿದ್ಯುತ್ ಟ್ರಾಮು ಬಂತು. ಟ್ರಾಮು ನಿಂತು ಅರವತ್ತು ವರ್ಷ ದಾಟಿದೆ. ಅಲಿಬಾಗಿನ ಅಳತೆ ಇನ್ನೂ ನಡೆದಿದೆ.

ಕನ್ನಡದಲ್ಲಿ 'ಕಾಯುವುದು' ಎಂಬ ಒಂದೇ ಮಾತಿಗೆ ಎರಡು ಅರ್ಥ. ಬರುವುದನ್ನು ನಿರೀಕ್ಷಿಸುವುದೂ ಕಾಯುವುದೇ, ಇರುವುದನ್ನು ರಕ್ಷಿಸುವುದೂ ಕಾಯುವುದೇ. ಒಂದು ಊರಿನ ಸಂಶೋಧನೆ ಹೇಗಿದೆ ಎಂದು ತಿಳಿಯಲು ಈ ಎರಡೂ ಅರ್ಥದಲ್ಲಿ ಅದು ಎಷ್ಟು ಕಾಯಬಲ್ಲದು ಎಂದು ನೋಡಬೇಕು. ಮುಂದಿನ ಉದಾಹರಣೆಗಳನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ.

ಪರೇಲಿನ ಲಸಿಕೆ, ಹುಬ್ಬಳ್ಳಿಯ ತೋಳು

ಎಲ್ಲ ಸಂಶೋಧನೆಗೂ ಕಾಯಲು ವ್ಯವಧಾನ ಇರುವುದಿಲ್ಲ. 1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿಯ ಗೋದಾಮುಗಳ ಕೇರಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಜನ ಗುಳೆ ಎದ್ದರು. ಅಕ್ಟೋಬರ್‌ನಲ್ಲಿ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಗೆ ಬಂದು, ಬೈಕಲಾದ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ, ಬೆರಳೆಣಿಕೆಯ ಸಹಾಯಕರನ್ನು ಇಟ್ಟುಕೊಂಡು ಲಸಿಕೆಯ ಕೆಲಸ ಆರಂಭಿಸಿದ. 1897ರ ಜನವರಿ 10ರಂದು ಅದನ್ನು ತನ್ನ ಮೈಗೇ ಚುಚ್ಚಿಕೊಂಡ. ಆಮೇಲೆ ಬೈಕಲಾ ಜೈಲಿನ ಕೈದಿಗಳಲ್ಲಿ ಪರೀಕ್ಷೆ ನಡೆಯಿತು. 1899ರಲ್ಲಿ ಪರೇಲಿನ ಹಳೆಯ ರಾಜ್ಯಪಾಲರ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾಲಯ ತೆರೆಯಿತು. 1925ರಲ್ಲಿ ಅದಕ್ಕೆ ಹಾಫ್ಕಿನ್ ಹೆಸರು ಬಂತು.

ಆಗ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲವೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ರೈಲಿನ ಜೊತೆ ಪ್ಲೇಗೂ ಹುಬ್ಬಳ್ಳಿಗೆ ಬಂತು. 1898ರಲ್ಲಿ ಅಲ್ಲಿ ಹಾಫ್ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಮುಂಬಯಿಯ ಪ್ರಯೋಗಾಲಯದಲ್ಲಿ ತಯಾರಾದದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಕನ್ನಡಿಗರ ತೋಳುಗಳೂ ಸಾಕ್ಷಿಯಾದವು. ಅದೇ ವರ್ಷ ಬೆಂಗಳೂರಿಗೂ ಪ್ಲೇಗ್ ತಗಲಿತು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಭಯವೂ ಇದೆ.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ದೋಷ ಪರೇಲಿನ ಪ್ರಯೋಗಾಲಯದ್ದು ಎಂದು ತೀರ್ಮಾನಿಸಿ ಹಾಫ್ಕಿನ್‌ನನ್ನು ಕೆಲಸದಿಂದ ದೂರ ಇಟ್ಟರು. ಬಾಟಲಿ ತೆರೆದ ಸ್ಥಳದಲ್ಲೇ ಅದು ಕಲುಷಿತವಾಗಿರಬಹುದು ಎಂಬ ವಾದವನ್ನು ರೊನಾಲ್ಡ್ ರಾಸ್‌ನಂಥ ವಿಜ್ಞಾನಿಗಳು ಎತ್ತಿ ಹಿಡಿದ ಮೇಲೆ 1907ರಲ್ಲಿ ಆತ ನಿರ್ದೋಷಿಯೆನಿಸಿದ. ಅಷ್ಟರಲ್ಲಿ ಐದು ವರ್ಷ ಹೋಗಿತ್ತು. ಈ ಪ್ರಕರಣದಿಂದ ನನಗೆ ಕಾಣುವುದಿಷ್ಟು. ತುರ್ತಿನ ಸಂಶೋಧನೆಗೆ ಸರ್ಕಾರ ಬೇಗ ಹಣ ಕೊಡುತ್ತದೆ. ಆದರೆ ಅನಾಹುತವಾದಾಗ ಕಾರಣವನ್ನು ಸಾವಧಾನವಾಗಿ ಹುಡುಕುವ ವ್ಯವಸ್ಥೆ ಇಲ್ಲದಿದ್ದರೆ ಮನುಷ್ಯನನ್ನೂ ಕಳೆದುಕೊಳ್ಳುತ್ತದೆ, ಜನರ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ.

ಮುಂಬಯಿಯ ಬಾಡಿಗೆ, ಬೆಂಗಳೂರಿನ ನೆಲ

ಪ್ಲೇಗಿನ ಆ ವರ್ಷಗಳಲ್ಲೇ ಮುಂಬಯಿಯ ಗಿರಣಿ ಮಾಲೀಕ ಜಮಶೇಟ್‌ಜಿ ಟಾಟಾ ಅವರು ಉನ್ನತ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದು ಹೊರಟಿದ್ದರು. ಅದಕ್ಕೆ ತಕ್ಕ ಜಾಗ ಯಾವುದು ಎಂದು ನೋಡಲು ಲಂಡನ್ನಿನಿಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ದೇಶ ಸುತ್ತಿ, ಬೆಂಗಳೂರನ್ನು ಸೂಚಿಸಿದ. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. ಜಮಶೇಟ್‌ಜಿ 1904ರಲ್ಲೇ ತೀರಿಕೊಂಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಅದರ ಮೂಲನಿಧಿ ಅವರು ಬಿಟ್ಟುಹೋದ ಮುಂಬಯಿಯ ಆಸ್ತಿಗಳಿಂದ ಬಂತು. ಅಂದರೆ ಬೆಂಗಳೂರಿನ 'ಟಾಟಾ ಇನ್‌ಸ್ಟಿಟ್ಯೂಟ್' ನಡೆದದ್ದರಲ್ಲಿ ಮುಂಬಯಿಯ ಕಟ್ಟಡಗಳ ಬಾಡಿಗೆಯ ಪಾಲಿದೆ.

ಆ ಋಣ ತೀರಿದ ರೀತಿ ಸ್ವಾರಸ್ಯವಾಗಿದೆ. ಕೇಂಬ್ರಿಜಿನಲ್ಲಿದ್ದ ಹೋಮಿ ಭಾಭಾ 1939ರಲ್ಲಿ ರಜೆಗೆ ಊರಿಗೆ ಬಂದಾಗ ಯುದ್ಧ ಶುರುವಾಗಿ ಹಿಂದಿರುಗಲಾಗಲಿಲ್ಲ. ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸೇರಿ ವಿಶ್ವಕಿರಣಗಳ ವಿಭಾಗ ಕಟ್ಟಿದರು. 1944ರ ಮಾರ್ಚ್ 12ರಂದು ಅಲ್ಲಿಂದಲೇ ಸರ್ ದೋರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ನಮ್ಮ ದೇಶದಲ್ಲಿ ವಿಜ್ಞಾನದ ಸ್ಥಿತಿಗತಿಯನ್ನು ಅಳೆದ ಬರಹಗಳಲ್ಲಿ ಇಷ್ಟು ಪರಿಣಾಮ ಬೀರಿದ್ದು ಬೇರೆ ಇರಲಾರದು. ಭೌತಶಾಸ್ತ್ರದ ಮೂಲ ಪ್ರಶ್ನೆಗಳ ಮೇಲೆ ಕೆಲಸ ಮಾಡುವ ದೊಡ್ಡ ಶಾಲೆ ದೇಶದಲ್ಲಿಲ್ಲ, ಇರುವ ಸಮರ್ಥರು ಅಲ್ಲೊಬ್ಬ ಇಲ್ಲೊಬ್ಬ ಎಂಬಂತೆ ಚದುರಿದ್ದಾರೆ, ಅವರನ್ನು ಒಂದೆಡೆ ಸೇರಿಸಿದರೆ ಮುಂದೆ ಪರಮಾಣು ಶಕ್ತಿಯ ಕಾಲ ಬಂದಾಗ ತಜ್ಞರಿಗಾಗಿ ಹೊರಗೆ ಕೈಚಾಚಬೇಕಿಲ್ಲ ಎಂಬುದು ಅದರ ಸಾರ. ಅದೇ ಚಳಿಗಾಲ ಬ್ರಿಟಿಷ್ ಶರೀರವಿಜ್ಞಾನಿ ಎ.ವಿ. ಹಿಲ್ ಕೂಡ ದೇಶ ಸುತ್ತಿ ಭಾರತದ ಸಂಶೋಧನೆಯ ಬಗ್ಗೆ ಸರ್ಕಾರಕ್ಕೆ ವರದಿ ತಯಾರಿಸುತ್ತಿದ್ದರು. ಸ್ವಾತಂತ್ರ್ಯ ಬರುವ ಮುನ್ನವೇ ಮನೆಯ ಲೆಕ್ಕ ನೋಡುವ ಕೆಲಸ ಶುರುವಾಗಿತ್ತು.

ಟಿಐಎಫ್‌ಆರ್ 1945ರ ಜೂನ್ 1ರಂದು ಬೆಂಗಳೂರಿನಲ್ಲೇ ಕೆಲಸ ಆರಂಭಿಸಿತು. ಮುಂಬಯಿ ಸರ್ಕಾರ ಬೆಂಬಲ ಕೊಡಲು ಒಪ್ಪಿದ್ದರಿಂದ ಅದೇ ವರ್ಷ ಇಲ್ಲಿಗೆ ಬಂತು. ಪೆಡ್ಡರ್ ರಸ್ತೆಯಲ್ಲಿ ಭಾಭಾ ಅವರ ಬಂಧುವೊಬ್ಬರ ಬಂಗಲೆಯಲ್ಲಿ ಬಿಡಾರ ಹೂಡಿತು. 1949ರಲ್ಲಿ ಗೇಟ್‌ವೇ ಬಳಿಯ ಹಳೆಯ ಯಾಟ್ ಕ್ಲಬ್ಬಿಗೆ ಹೋಯಿತು. ಕೊಲಾಬಾದ ಈಗಿನ ಕಟ್ಟಡ ಉದ್ಘಾಟನೆಯಾದದ್ದು 1962ರ ಜನವರಿಯಲ್ಲಿ. ನಾವು ವಲಸಿಗರು ಮೊದಲು ನೆಂಟರ ಮನೆ, ಆಮೇಲೆ ಬಾಡಿಗೆ ಖೋಲಿ, ಕೊನೆಗೆ ಸ್ವಂತ ಬ್ಲಾಕ್ ಎಂದು ಮುಂಬಯಿಯಲ್ಲಿ ನೆಲೆಗೊಂಡ ಕ್ರಮವೇ ಇದು.

ಅಲ್ಲಿಗೆ ಬಂದು ಸೇರಿದವರಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಒಬ್ಬರು. ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿ 1949ರಲ್ಲಿ ಬಂದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ 'ಅಪ್ಸರಾ' ಪರಮಾಣು ಸ್ಥಾವರ ಚಾಲನೆಗೊಂಡಿತು. ಮುಂದೆ ರಾಮಣ್ಣ ಟ್ರಾಂಬೆಯ ಕೇಂದ್ರದ ನಿರ್ದೇಶಕರಾದರು. ಇನ್ನೊಬ್ಬರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಅವರು ಸೇರಿದ್ದು 1948ರಲ್ಲಿ, ನಿರ್ದೇಶಕರಾದದ್ದು 1975ರಲ್ಲಿ. ಅವರಿಗಿಂತ ಮೊದಲು ನಿರ್ದೇಶಕರಾಗಿದ್ದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ.

ಭಾಭಾ ಅವರ ದಾರಿಗೆ ಆಗಲೇ ಆಕ್ಷೇಪವೂ ಇತ್ತು. ಸಂಶೋಧನೆ ವಿಶ್ವವಿದ್ಯಾಲಯದಲ್ಲೇ ನಡೆಯಬೇಕು, ಹಣವೂ ಪ್ರತಿಭೆಯೂ ಪ್ರತ್ಯೇಕ ಸಂಸ್ಥೆಗಳಿಗೆ ಹೋದರೆ ಪಾಠ ಹೇಳುವ ಕಾಲೇಜುಗಳು ಬಡವಾಗುತ್ತವೆ ಎಂದು ಮೇಘನಾದ ಸಾಹಾ ವಾದಿಸುತ್ತಿದ್ದರು. ಈ ಎಚ್ಚರಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗಣಿಯ ಆಳದಲ್ಲಿ

1951ರಲ್ಲಿ ಶ್ರೀಕಂಠನ್ ವಿಶ್ವಕಿರಣಗಳನ್ನು ಅಳೆಯುವ ಉಪಕರಣ ಕಟ್ಟಿಕೊಂಡು ಕೋಲಾರದ ಚಿನ್ನದ ಗಣಿಗೆ ಹೋದರು. ಆಕಾಶದಿಂದ ಸದಾ ಬೀಳುವ ಕಣಗಳಲ್ಲಿ ಮ್ಯೂಯಾನ್ ಎಂಬವು ಬಂಡೆಯನ್ನೂ ತೂರಿ ಹೋಗುತ್ತವೆ. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ ಎಂದು ನೋಡಲು ಆಳವಾದ ಗಣಿ ಬೇಕು. ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು ನಮ್ಮ ಕೆಜಿಎಫ್‌ನಲ್ಲಿತ್ತು. 1960ರ ದಶಕದ ಆರಂಭದಲ್ಲಿ ಎರಡೂಮುಕ್ಕಾಲು ಕಿಲೋಮೀಟರ್ ಆಳಕ್ಕೆ ಇಳಿದು ಎರಡು ತಿಂಗಳು ಕಾದಾಗ ಒಂದು ಮ್ಯೂಯಾನೂ ಸಿಗಲಿಲ್ಲ.

ಬೇರೆಯವರು ಇದನ್ನು ವ್ಯರ್ಥ ಶ್ರಮ ಎಂದಾರು. ಆ ತಂಡಕ್ಕೆ ಅದೇ ಬೇಕಾದ ಸುದ್ದಿಯಾಗಿತ್ತು. ಬೇರೆ ಯಾವ ಕಣದ ಗದ್ದಲವೂ ತಲುಪದ ಇಂಥ ಕಡೆಯಲ್ಲಿ ಮಾತ್ರ, ಇಡೀ ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೋವನ್ನು ಗುರುತಿಸಬಹುದು. ಟಿಐಎಫ್‌ಆರ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳು ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ನಿಲ್ಲಿಸಿದವು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಫ್ರೆಡ್ರಿಕ್ ರೈನ್ಸ್ ತಂಡವೂ ಅದೇ ವರ್ಷ ಅದನ್ನೇ ಕಂಡಿತು. ಎರಡೂ ವರದಿಗಳು ಕೆಲವೇ ವಾರಗಳ ಅಂತರದಲ್ಲಿ ಪ್ರಕಟವಾದವು. ಕೋಲಾರದ ಬಂಡೆಯ ಕೆಳಗೆ ಕೂತವರು ಆ ದಿನ ಜಗತ್ತಿನ ಮುಂಚೂಣಿಯಲ್ಲಿದ್ದರು.

1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡುವ ಪ್ರಯೋಗವೂ ಅಲ್ಲೇ ನಡೆಯಿತು. ಆದರೆ ಚಿನ್ನ ಕಡಿಮೆಯಾಗಿ, ತೆಗೆಯುವ ಖರ್ಚು ಏರಿ, ಗಣಿ ನಷ್ಟದಲ್ಲಿತ್ತು. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು. 2001ರಲ್ಲಿ ಗಣಿಯೇ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಜಪಾನಿನ ಕಾಮಿಯೋಕಾ ಗಣಿಯಲ್ಲಿ ದೊಡ್ಡ ಉಪಕರಣ ಕಟ್ಟಿದವರು 1998ರಲ್ಲಿ ಅದೇ ವಾತಾವರಣದ ನ್ಯೂಟ್ರಿನೋಗಳು ರೂಪ ಬದಲಿಸುತ್ತವೆ ಎಂದು ತೋರಿಸಿದರು. 2015ರಲ್ಲಿ ಅದಕ್ಕೆ ನೊಬೆಲ್ ಬಂತು.

ನಾವು ಮಾಡಿದ್ದರೆ ನಮಗೇ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ವಿಜ್ಞಾನದಲ್ಲಿ ಅಂಥ ಖಾತ್ರಿ ಇಲ್ಲ. ಆದರೆ ಕೋಲಾರದ ಪ್ರಯೋಗ ಗಣಿಯ ಬೆನ್ನ ಮೇಲೆ ಕೂತಿತ್ತು. ಗಣಿ ಬಿದ್ದಾಗ ಅದೂ ಬಿತ್ತು. ಟ್ರಾಮು ಬರುವ ಮುನ್ನ ಅಲಿಬಾಗ್ ಸಿದ್ಧವಾಗಿದ್ದಂತೆ, ಕೋಲಾರ ಮುಚ್ಚುವ ಮುನ್ನ ಇನ್ನೊಂದು ಆಳದ ತಾಣ ಸಿದ್ಧವಾಗಿರಲಿಲ್ಲ. ಅದರ ಮುಂದುವರಿಕೆಯಾಗಿ ತಮಿಳುನಾಡಿನ ಥೇಣಿಯ ಬೆಟ್ಟದಲ್ಲಿ ಯೋಜಿಸಿದ ನ್ಯೂಟ್ರಿನೋ ವೀಕ್ಷಣಾಲಯಕ್ಕೆ 2015ರಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಕಾಡು, ನೀರು, ವನ್ಯಜೀವಿಗಳ ಬಗ್ಗೆ ಸ್ಥಳೀಯರ ಆತಂಕ, ನ್ಯಾಯಾಲಯದ ಪ್ರಕರಣ, ರಾಜ್ಯ ಸರ್ಕಾರದ ವಿರೋಧಗಳ ನಡುವೆ ಅದು ಮೇಲೇಳಲಿಲ್ಲ. ಸುತ್ತಲಿನ ಜನರ ಮನಸ್ಸನ್ನು ಗೆಲ್ಲುವುದೂ ಇಂದು ಪ್ರಯೋಗದ ಒಂದು ಭಾಗ ಎಂಬುದನ್ನು ಆ ಬೆಟ್ಟ ಕಲಿಸಿದೆ.

ಮಾಟುಂಗಾದ ಕಾರ್ಖಾನೆ ಪಾಠ

ಬಹಳ ಕಾಲ ಕಾಯುವ ವಿಜ್ಞಾನದ ಮಾತನ್ನೇ ಆಡಿದೆ. ನಾಳೆ ಬೆಳಗ್ಗೆ ಬೇಕಾಗುವ ವಿಜ್ಞಾನವೂ ಮುಂಬಯಿಯಲ್ಲಿದೆ, ಅದು ಸಣ್ಣದೇನಲ್ಲ. ಮಾಟುಂಗಾದ ಭಾವೂ ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿಗೆ ನಾಟಕ, ಉಪನ್ಯಾಸಕ್ಕೆಂದು ಹೋಗುವ ನಮಗೆ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ರಸಾಯನ ತಂತ್ರಜ್ಞಾನ ಸಂಸ್ಥೆ ಗೊತ್ತಿದೆ. ಹಳಬರು ಅದನ್ನು ಇನ್ನೂ ಯುಡಿಸಿಟಿ ಎನ್ನುತ್ತಾರೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಹುಟ್ಟಿತು. ಗಿರಣಿಗಳ ಬಟ್ಟೆಗೆ ಬಣ್ಣ ಬೇಕಿತ್ತು, ಬಣ್ಣದ ರಸಾಯನ ತಿಳಿದವರು ಬೇಕಿತ್ತು. ಕೆ. ವೆಂಕಟರಾಮನ್ ಅದರ ಮೊದಲ ಭಾರತೀಯ ನಿರ್ದೇಶಕರು. ಮುಂದೆ ಅಲ್ಲಿನ ಎಂ.ಎಂ. ಶರ್ಮಾ 1990ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದರು. ಕೇಕಿ ಘರ್ಡಾ, ಔಷಧ ಉದ್ಯಮದ ಅಂಜಿ ರೆಡ್ಡಿ ಅಲ್ಲಿ ಓದಿದವರು. ಅಗ್ಗದ ಔಷಧಕ್ಕೆ, ಕೀಟನಾಶಕಕ್ಕೆ ಭಾರತದ ಹೆಸರು ಕೇಳಿಬರುವುದರ ಹಿಂದೆ ಇಂಥ ತರಗತಿಗಳಿವೆ.

ಕನ್ನಡ ಸಾಹಿತ್ಯದ ಓದುಗರಿಗೆ ಇನ್ನೊಂದು ಹೆಸರು ನೆನಪಾಗಬೇಕು. 'ಶಿಕಾರಿ' ಬರೆದ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ತಂತ್ರಜ್ಞಾನ ಓದಿ, ಬೇಕಲೈಟ್ ಹೈಲಂ ಕಂಪನಿಯಲ್ಲಿ ಪಾಲಿಮರ್ ತಜ್ಞರಾಗಿ ದುಡಿದವರು. ಕನ್ನಡದ ಒಂದು ದೊಡ್ಡ ಕಾದಂಬರಿಯ ಹಿಂದೆ ಈ ನಗರದ ರಾಸಾಯನಿಕ ಉದ್ಯಮದ ಒಳಗನ್ನು ಕಂಡ ಅನುಭವ ಇದೆ. ಪ್ರಯೋಗಾಲಯ ಬೇರೆ, ನಮ್ಮ ಬದುಕು ಬೇರೆ ಎಂದು ನಾವು ತಿಳಿಯಬೇಕಿಲ್ಲ.

ಇಂದಿನ ಲೆಕ್ಕ

ಜಮೆಯ ಕಡೆ ಮೊದಲು ನೋಡೋಣ. 2023ರ ಅಕ್ಟೋಬರ್‌ನಲ್ಲಿ ರಕ್ತದ ಕ್ಯಾನ್ಸರಿನ ಕೆಲವು ಬಗೆಗಳಿಗೆ ಭಾರತದಲ್ಲೇ ರೂಪುಗೊಂಡ ಕಾರ್-ಟಿ ಕೋಶ ಚಿಕಿತ್ಸೆಗೆ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ರೋಗಿಯ ಬಿಳಿ ರಕ್ತಕಣಗಳನ್ನೇ ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ತಿದ್ದಿ, ಮರಳಿ ದೇಹಕ್ಕೆ ಸೇರಿಸುವ ವಿಧಾನವದು. ಪೊವಾಯಿಯ ಐಐಟಿಯ ಪ್ರಯೋಗಾಲಯ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಸೇರಿ ಬೆಳೆಸಿದ್ದು. ವೆಚ್ಚ ಅಮೆರಿಕದ ಸುಮಾರು ಹತ್ತನೇ ಒಂದು ಭಾಗ. 1941ರಲ್ಲಿ ಆರಂಭವಾದ ಒಂದು ಆಸ್ಪತ್ರೆಯೂ 1958ರಲ್ಲಿ ಸೋವಿಯತ್ ನೆರವಿನಿಂದ ಹುಟ್ಟಿದ ಒಂದು ಎಂಜಿನಿಯರಿಂಗ್ ಸಂಸ್ಥೆಯೂ ಒಂದೇ ನಗರದಲ್ಲಿ ದಶಕಗಳ ಕಾಲ ಬೆಳೆದದ್ದರಿಂದ ಇದು ಸಾಧ್ಯವಾಯಿತು.

ಟಿಐಎಫ್‌ಆರ್‌ನ ಗೋವಿಂದ್ ಸ್ವರೂಪ್ ನೇತೃತ್ವದಲ್ಲಿ ಪುಣೆ ಬಳಿಯ ಖೋಡದ್‌ನಲ್ಲಿ ನಿಂತ 30 ದೈತ್ಯ ರೇಡಿಯೊ ದೂರದರ್ಶಕಗಳು 2023ರಲ್ಲಿ ಗುರುತ್ವದ ಅಲೆಗಳ ನಿರಂತರ ಗುನುಗನ್ನು ಹುಡುಕಿದ ಅಂತರರಾಷ್ಟ್ರೀಯ ಕೆಲಸದಲ್ಲಿ ಪಾಲುಗೊಂಡವು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಹೆಸರಘಟ್ಟದ ಕಡೆಯ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಎರಡೂ ಟಿಐಎಫ್‌ಆರ್‌ನ ಕೂಸುಗಳು. ಬೆಂಗಳೂರಿನಲ್ಲಿ ಹುಟ್ಟಿ ಮುಂಬಯಿಗೆ ಬಂದ ಸಂಸ್ಥೆ ಮತ್ತೆ ಬೆಂಗಳೂರಿಗೆ ಮಕ್ಕಳನ್ನು ಕಳಿಸಿದೆ.

ಇನ್ನು ಖರ್ಚಿನ ಕಡೆ. ಸರ್ಕಾರದ ಅಂಕಿಗಳ ಪ್ರಕಾರ 2020-21ರಲ್ಲಿ ಭಾರತ ಸಂಶೋಧನೆಗೆ ವೆಚ್ಚ ಮಾಡಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ. 0.64. ಚೀನಾ ಶೇ. 2ಕ್ಕಿಂತ ಹೆಚ್ಚು, ದಕ್ಷಿಣ ಕೊರಿಯಾ ಶೇ. 4ಕ್ಕಿಂತ ಹೆಚ್ಚು ಮಾಡುತ್ತವೆ. ಅಲ್ಲಿ ದೊಡ್ಡ ಪಾಲು ಕಂಪನಿಗಳದ್ದು. ನಮ್ಮಲ್ಲಿ ಖಾಸಗಿ ಉದ್ಯಮದ ಪಾಲು ಮೂರನೇ ಒಂದು ಭಾಗದ ಆಸುಪಾಸು. ದೇಶದ ದೊಡ್ಡ ಕಂಪನಿಗಳ ಮುಖ್ಯ ಕಚೇರಿಗಳಿರುವ ನಗರದಲ್ಲಿ ಕುಳಿತು ಈ ಅಂಕಿ ಓದಿದಾಗ ಜಮಶೇಟ್‌ಜಿಯ ಬಾಡಿಗೆ ಹಣ ನೆನಪಾಗದೆ ಇರದು. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಪ್ರತಿಷ್ಠಾನದ ಕಾಯ್ದೆ ಮಾಡಿತು. ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಎಂದಿತು. ಅದರ ಬಹುಪಾಲು ಖಾಸಗಿ ಮೂಲಗಳಿಂದ ಬರಬೇಕೆಂಬುದು ಲೆಕ್ಕ. ಬರುತ್ತದೆಯೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.

ಸಾಹಾ ಅವರ ಎಚ್ಚರಿಕೆಯನ್ನು ಈಗ ನೆನಪಿಸಿಕೊಳ್ಳಬೇಕು. ಕೊಲಾಬಾ, ಟ್ರಾಂಬೆ, ಪೊವಾಯಿಗಳಲ್ಲಿ ಒಳ್ಳೆಯ ಉಪಕರಣಗಳಿವೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ರಾಜ್ಯ ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ. ಅಲ್ಲಿ ಖಾಲಿ ಹುದ್ದೆಗಳು, ಹಳೆಯ ಉಪಕರಣಗಳು. ಕಿರಿಯ ಸಂಶೋಧಕರ ಶಿಷ್ಯವೇತನವನ್ನು 2023ರಲ್ಲಿ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿಸಿದರು. ಅದು ತಿಂಗಳು ತಿಂಗಳು ಕೈಗೆ ಬಂದರೆ ಮಾತ್ರ ಏರಿಕೆ. ನನಗೆ ಪರಿಚಯದ ಒಬ್ಬ ಹುಡುಗಿ, ಉಪನಗರದಲ್ಲಿ ಮೂವರು ಗೆಳತಿಯರ ಜೊತೆ ಖೋಲಿ ಹಂಚಿಕೊಂಡು ಸಂಶೋಧನೆ ಮಾಡುತ್ತಿದ್ದವಳು, ಏಳು ತಿಂಗಳ ಬಾಕಿ ಒಟ್ಟಿಗೆ ಬರುವ ತನಕ ಸಂಜೆ ಟ್ಯೂಷನ್ ಹೇಳಿ ಬಾಡಿಗೆ ಕಟ್ಟಿದಳು. ಹಗಲು ಅವಳು ಕಾಯಬೇಕಾದದ್ದು ತನ್ನ ಪ್ರಯೋಗದ ಫಲಿತಾಂಶಕ್ಕೆ. ಅವಳು ಕಾದದ್ದು ಬ್ಯಾಂಕಿನ ಮೆಸೇಜಿಗೆ. ಶ್ರೇಯಾಂಕದ ಪಟ್ಟಿಯಲ್ಲಿ ಇದಕ್ಕೆ ಅಂಕಣವಿಲ್ಲ.

ಹಾಗಾದರೆ ಇಲ್ಲಿ ಸಂಶೋಧನೆಗೆ ಸೇರಬಹುದೇ? ಸೇರಬಹುದು ಎಂದೇ ನಾನು ಹೇಳುತ್ತೇನೆ, ಆದರೆ ಕೆಲವು ಪ್ರಶ್ನೆ ಕೇಳಿ ಸೇರಬೇಕು. ಆ ಪ್ರಯೋಗಾಲಯದ ಹಳೆಯ ದಾಖಲೆಗಳು ಓದುವ ಸ್ಥಿತಿಯಲ್ಲಿ ಇವೆಯೇ? ಮಾರ್ಗದರ್ಶಕರು ನಿವೃತ್ತರಾದರೆ ಆ ಕೆಲಸ ಮುಂದುವರಿಸುವವರು ಇದ್ದಾರೆಯೇ? ಹಿಂದಿನ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಸಕಾಲಕ್ಕೆ ಬಂತೇ? ಫಲಿತಾಂಶ ಬರದ ಎರಡು ವರ್ಷವನ್ನು ಅಲ್ಲಿ ಸೋಲು ಎನ್ನುತ್ತಾರೋ, ಕೋಲಾರದವರಂತೆ ಅದನ್ನೂ ಒಂದು ಅಳತೆ ಎನ್ನುತ್ತಾರೋ? ಹಳೆಯ ವಿದ್ಯಾರ್ಥಿಗಳನ್ನು ಕಂಡು ಒಂದು ಮಧ್ಯಾಹ್ನ ಮಾತಾಡಿದರೆ ಇವುಗಳಿಗೆ ಉತ್ತರ ಸಿಗುತ್ತದೆ.

ಉಳಿದ ನಮಗೂ ಕೆಲಸವಿದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ನಮ್ಮ ಹಿರಿಯರು ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಸರ್ಕಾರ ಮಾಡಲಿ ಎಂದು ಕೂರಲಿಲ್ಲ. ಇಂದು ಬ್ಯಾಂಕಿನಲ್ಲಿ, ಸಾಫ್ಟ್‌ವೇರಿನಲ್ಲಿ, ಔಷಧ ಕಂಪನಿಗಳಲ್ಲಿ ಒಳ್ಳೆಯ ಸಂಬಳ ತರುವ ನಮ್ಮ ಸಂಘಗಳು ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ಪಾಲು ತೆಗೆದಿಟ್ಟು, ಶಿಷ್ಯವೇತನ ತಡವಾದ ಸಂಶೋಧನಾ ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದ ಕೈಗಡ ಕೊಡುವ ನಿಧಿ ಮಾಡಬಹುದು. ಬಾಕಿ ಬಂದ ದಿನ ಅವರು ಹಿಂದಿರುಗಿಸುತ್ತಾರೆ, ಅದು ಇನ್ನೊಬ್ಬರಿಗೆ ಹೋಗುತ್ತದೆ. ಹತ್ತು ಜನರಿಗೆ ಆರು ತಿಂಗಳು ಸಾಲುವಷ್ಟು ಮೊತ್ತ ಕೂಡಿಸುವುದು ನಮಗೆ ಅಸಾಧ್ಯವೇನಲ್ಲ. ಈ ಪುಟ ಓದುವವರಲ್ಲಿ ಸಂಘದ ಪದಾಧಿಕಾರಿಗಳಿದ್ದರೆ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬೇಕೆಂದು ನನ್ನ ಕೋರಿಕೆ.